ಕಾಳಿನೊಳಗಿನ ದಾಸ್ತಾನು: ಏಕದಳ ಧಾನ್ಯಗಳ ಸಂಗ್ರಹ ಪ್ರೋಟೀನುಗಳ ಜೀನು ಮತ್ತು ರಚನೆ



ಈ ದಿನದ ಮಾತಿಗೆ ನಾನು ಆರಿಸಿಕೊಂಡದ್ದು ನಾವು ದಿನಕ್ಕೆ ಎರಡು ಮೂರು ಸಲ ಉಣ್ಣುವ ವಸ್ತುವನ್ನು. ಅಕ್ಕಿ, ಜೋಳ, ಗೋಧಿ, ರಾಗಿ, ಮೆಕ್ಕೆಜೋಳ, ಇವುಗಳ ಕಾಳಿನಲ್ಲಿ ಗಿಡ ಕೂಡಿಟ್ಟಿರುವ ಪ್ರೋಟೀನು ಎಂಥದು, ಅದನ್ನು ಕಟ್ಟುವ ಜೀನುಗಳು ಹೇಗಿವೆ, ಕಟ್ಟಿದ್ದನ್ನು ಕಾಳು ಹೇಗೆ ಅಡಕಿ ಇಡುತ್ತದೆ ಎಂಬುದು ನನ್ನ ವಿಷಯ.

ಒಂದು ಹಿಡಿ ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಸಣ್ಣಗೆ ಸುರಿಯುವ ನೀರಿನ ಕೆಳಗೆ ಹಿಸುಕುತ್ತಾ ಹೋಗಿ. ಹಾಲಿನಂತೆ ಬೆಳ್ಳಗೆ ಇಳಿದುಹೋಗುವುದು ಪಿಷ್ಟ. ಕೊನೆಗೆ ಅಂಗೈಯಲ್ಲಿ ಬೂದು ಬಣ್ಣದ ಅಂಟುಮುದ್ದೆಯೊಂದು ಉಳಿಯುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಸರಿಯುತ್ತದೆ. ಇಟಲಿಯ ಬೊಲೊನ್ಯಾ ನಗರದಲ್ಲಿ ಯಾಕೊಪೊ ಬಾರ್ತೊಲೊಮೆಯೊ ಬೆಕ್ಕಾರಿ ಎಂಬ ವೈದ್ಯ ವಿದ್ವಾಂಸ 1728ರಲ್ಲಿ ವಿವರಿಸಿದ್ದು ಇದನ್ನೇ. 1745ರಲ್ಲಿ ಅದು ಅಚ್ಚಾಯಿತು. ಈಗ ಇದನ್ನು ಗ್ಲುಟನ್ ಎನ್ನುತ್ತೇವೆ. ಜೋಳದ ಹಿಟ್ಟನ್ನೂ ಇದೇ ರೀತಿ ತೊಳೆದು ನೋಡಿ. ಕೈಯಲ್ಲಿ ಏನೂ ಉಳಿಯುವುದಿಲ್ಲ, ಎಲ್ಲವೂ ನೀರಿನೊಡನೆ ಹರಿದುಹೋಗುತ್ತದೆ. ಜೋಳದಲ್ಲಿ ಪ್ರೋಟೀನು ಇಲ್ಲವೆಂದು ಹೀಗಾಗುವುದಿಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನಿದೆ, ಗೋಧಿಯದಕ್ಕಿಂತ ತುಸು ಕಡಿಮೆ ಅಷ್ಟೆ. ತೂಕ ಹತ್ತಿರ ಹತ್ತಿರ, ನಡತೆ ಪೂರ್ತಿ ಬೇರೆ. ಈ ಅಂತರ ಹುಟ್ಟುವುದು ಪ್ರೋಟೀನಿನ ರಚನೆಯಲ್ಲಿ, ಮತ್ತು ಆ ರಚನೆಯನ್ನು ಬರೆದಿಟ್ಟ ಜೀನಿನಲ್ಲಿ.

ಈ ಪ್ರೋಟೀನುಗಳನ್ನು ಗಿಡ ನಮಗಾಗಿ ಮಾಡಿದ್ದಲ್ಲ. ಕಾಳು ನೆಲಕ್ಕೆ ಬಿದ್ದು ಮೊಳೆಯುವಾಗ ಬೇರು ಇನ್ನೂ ಮಣ್ಣಿಗೆ ಇಳಿದಿರುವುದಿಲ್ಲ. ಆ ಕೆಲವು ದಿನ ಎಳೆ ಸಸಿಗೆ ಸಾರಜನಕ ಬೇಕು, ಗಂಧಕ ಬೇಕು. ತಾಯಿ ಗಿಡ ಅದನ್ನು ಕಾಳಿನ ಹಿಟ್ಟಿನ ಭಾಗದಲ್ಲಿ, ಅಂದರೆ ಭ್ರೂಣಾಹಾರದಲ್ಲಿ ಕೂಡಿಟ್ಟು ಹೋಗುತ್ತದೆ. ಕೂಡಿಡುವ ವಸ್ತುವಿನಲ್ಲಿ ಎರಡು ಗುಣ ಇರಲೇಬೇಕು. ಕಡಿಮೆ ಜಾಗದಲ್ಲಿ ಹೆಚ್ಚು ಸಾರಜನಕ ಹಿಡಿಯಬೇಕು. ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದರೂ ಕೆಡಬಾರದು. ಮೊದಲನೆಯದಕ್ಕೆ ಗಿಡ ಆರಿಸಿಕೊಂಡದ್ದು ಗ್ಲುಟಮಿನ್ ಎಂಬ ಅಮೈನೊ ಆಮ್ಲವನ್ನು, ಏಕೆಂದರೆ ಅದರಲ್ಲಿ ಎರಡು ಸಾರಜನಕ ಪರಮಾಣುಗಳಿವೆ. ಅದರ ಜತೆಗೆ ಪ್ರೋಲಿನ್. ಪ್ರೋಲಿನ್ ಬಂದಲ್ಲೆಲ್ಲ ಪ್ರೋಟೀನಿನ ಎಳೆ ಬಾಗುತ್ತದೆ, ಮತ್ತು ನಮ್ಮ ಜಠರ ಹಾಗೂ ಮೇದೋಜೀರಕದ ಕಿಣ್ವಗಳಿಗೆ ಅಲ್ಲಿ ಕತ್ತರಿಸುವುದು ಕಷ್ಟವಾಗುತ್ತದೆ. ಲೈಸಿನ್ ಎಂಬ ಅಮೈನೊ ಆಮ್ಲ ಈ ದಾಸ್ತಾನಿನಲ್ಲಿ ತೀರ ಕಡಿಮೆ. ಸಸಿ ತನಗೆ ಬೇಕಾದ ಲೈಸಿನನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮ ದೇಹ ತಯಾರಿಸಿಕೊಳ್ಳಲಾರದು. ಮನುಷ್ಯನ ಪೋಷಣೆಯ ದೊಡ್ಡ ತೊಡಕೊಂದು ಹುಟ್ಟಿದ್ದು ಇಲ್ಲಿ.

ಈ ಪ್ರೋಟೀನುಗಳನ್ನು ಮೊದಲು ಕ್ರಮಬದ್ಧವಾಗಿ ವಿಂಗಡಿಸಿದವರು ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದ ಥಾಮಸ್ ಬರ್ ಓಸ್ಬರ್ನ್. ನೀರಿನಲ್ಲಿ ಕರಗುವವು ಆಲ್ಬುಮಿನ್, ಉಪ್ಪುನೀರಿನಲ್ಲಿ ಕರಗುವವು ಗ್ಲೋಬುಲಿನ್, ನೂರಕ್ಕೆ ಎಪ್ಪತ್ತರಷ್ಟು ಆಲ್ಕೊಹಾಲ್ ಇರುವ ದ್ರಾವಣದಲ್ಲಿ ಕರಗುವವು ಪ್ರೋಲಮಿನ್, ಇವು ಯಾವುದರಲ್ಲೂ ಕರಗದೆ ತೆಳು ಆಮ್ಲಕ್ಕೋ ಕ್ಷಾರಕ್ಕೋ ಬಗ್ಗುವವು ಗ್ಲುಟೆಲಿನ್. ಅವರ ಗೋಧಿ ಪ್ರೋಟೀನುಗಳ ಗ್ರಂಥ ಹೊರಬಂದದ್ದು 1907ರಲ್ಲಿ. ನೂರು ವರ್ಷ ದಾಟಿದರೂ ಪ್ರಯೋಗಶಾಲೆಯಲ್ಲಿ ಕೆಲಸ ಆರಂಭವಾಗುವುದು ಈ ವಿಂಗಡಣೆಯಿಂದಲೇ. ಬಹುತೇಕ ಏಕದಳ ಧಾನ್ಯಗಳಲ್ಲಿ ದಾಸ್ತಾನಿನ ಮುಖ್ಯ ಪಾಲು ಪ್ರೋಲಮಿನ್. ಗೋಧಿಯಲ್ಲಿ ಗ್ಲಯಾಡಿನ್, ಮೆಕ್ಕೆಜೋಳದಲ್ಲಿ ಜೀಯಿನ್, ಜೋಳದಲ್ಲಿ ಕಾಫಿರಿನ್, ಬಾರ್ಲಿಯಲ್ಲಿ ಹಾರ್ಡೀನ್ ಎಂದು ಹೆಸರು. ಗೋಧಿಯ ಗ್ಲುಟೆನಿನನ್ನು ಓಸ್ಬರ್ನ್ ಗ್ಲುಟೆಲಿನ್ ಗುಂಪಿಗೆ ಸೇರಿಸಿದ್ದರು. ಜೀನುಗಳ ಬರಹ ಓದಲು ಸಾಧ್ಯವಾದ ಮೇಲೆ ಅದೂ ಪ್ರೋಲಮಿನ್ ಕುಟುಂಬದ್ದೇ ಎಂದು ತಿಳಿಯಿತು. ಅಕ್ಕಿಯೂ ಓಟ್ಸೂ ಈ ಸಾಲಿನಿಂದ ಹೊರಗೆ ನಿಲ್ಲುತ್ತವೆ. ಅಕ್ಕಿಗೆ ಮತ್ತೆ ಬರುತ್ತೇನೆ.

ಗೋಧಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆ, ಏಕೆಂದರೆ ಜೀನಿನಿಂದ ಅಡುಗೆಮನೆಯವರೆಗಿನ ದಾರಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಲ್ಲಿ. ಚಪಾತಿಯ, ಬ್ರೆಡ್ಡಿನ ಗೋಧಿಯಲ್ಲಿ 42 ವರ್ಣತಂತುಗಳಿವೆ. ಎ, ಬಿ, ಡಿ ಎಂಬ ಮೂರು ಪೂರ್ವಜ ಹುಲ್ಲುಗಳ ಜೀನಸಂಕುಲ ಒಂದೇ ಕಾಳಿನಲ್ಲಿ ಕೂಡಿದೆ. ಗ್ಲುಟೆನಿನ್ ಗುಂಪಿನ ಅತಿ ದೊಡ್ಡ ಪ್ರೋಟೀನುಗಳನ್ನು ಬರೆಯುವ ಜೀನುಗಳು ಒಂದನೇ ವರ್ಣತಂತುವಿನ ಉದ್ದ ತೋಳಿನಲ್ಲಿವೆ. ಎ, ಬಿ, ಡಿ ಪ್ರತಿಯೊಂದರಲ್ಲೂ ಎರಡೆರಡು. ಹೀಗೆ ಆರು ಜೀನುಗಳಿದ್ದರೂ ಎಲ್ಲವೂ ಕೆಲಸ ಮಾಡುವುದಿಲ್ಲ, ತಳಿಯನ್ನು ಅವಲಂಬಿಸಿ ಮೂರರಿಂದ ಐದು ಮಾತ್ರ ಪ್ರೋಟೀನು ಕೊಡುತ್ತವೆ. ಗ್ಲಯಾಡಿನ್ ಜೀನುಗಳು ಒಂದನೇ ಮತ್ತು ಆರನೇ ವರ್ಣತಂತುಗಳ ಗಿಡ್ಡ ತೋಳುಗಳಲ್ಲಿವೆ. ಕೇಂಬ್ರಿಜಿನ ಸಸ್ಯತಳಿ ಸಂಸ್ಥೆಯಲ್ಲಿ ಪೀಟರ್ ಪೇನ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಿಂದ ಈ ಪ್ರೋಟೀನುಗಳನ್ನು ವಿದ್ಯುತ್ ಹಾಯಿಸಿದ ಜೆಲ್ಲಿನಲ್ಲಿ ಒಂದೊಂದು ಪಟ್ಟಿಯಾಗಿ ಬೇರ್ಪಡಿಸಿ, ಪ್ರತಿ ಪಟ್ಟಿಗೂ ಸಂಖ್ಯೆ ಕೊಟ್ಟು, ಯಾವ ತಳಿಯಲ್ಲಿ ಯಾವ ಪಟ್ಟಿಗಳಿವೆ ಎಂದು ಗುರುತಿಸುತ್ತಾ ಹೋದರು. ಡಿ ವರ್ಣತಂತುವಿನ ಜೀನುಜೋಡಿ 5 ಮತ್ತು 10 ಎಂಬ ಪ್ರೋಟೀನುಗಳನ್ನು ಕೊಡುವ ತಳಿಗಳ ಹಿಟ್ಟು ಬ್ರೆಡ್ಡಿಗೆ ಬಲವಾಗಿ ಉಬ್ಬುತ್ತಿತ್ತು. ಅದೇ ಜಾಗದಲ್ಲಿ 2 ಮತ್ತು 12 ಇರುವ ತಳಿಗಳ ಹಿಟ್ಟು ಸಡಿಲವಾಗಿರುತ್ತಿತ್ತು. ಈ ಪರೀಕ್ಷೆಗೆ ಅರ್ಧ ಕಾಳು ಸಾಕು. ಮೊಳಕೆಯಿರುವ ಇನ್ನರ್ಧವನ್ನು ಬಿತ್ತಿ ತಳಿ ಮುಂದುವರಿಸಬಹುದು. ತಳಿ ಬೆಳೆಸುವವರಿಗೆ ಇದರಿಂದ ಎಷ್ಟು ವರ್ಷಗಳ ಶ್ರಮ ಉಳಿಯಿತು ಎಂಬುದನ್ನು ಆ ಕೆಲಸ ಮಾಡಿದವರೇ ಬಲ್ಲರು.

5ಕ್ಕೂ 2ಕ್ಕೂ ಇರುವ ವ್ಯತ್ಯಾಸವೇನು? ಈ ದೊಡ್ಡ ಗ್ಲುಟೆನಿನ್‌ಗಳ ಎರಡು ತುದಿಗಳು ಚಿಕ್ಕವು, ನಡುಭಾಗ ಬಲು ಉದ್ದ. ನಡುಭಾಗದಲ್ಲಿ ಒಂದೇ ಸಣ್ಣ ವಾಕ್ಯ ಮರುಕಳಿಸುತ್ತಾ ಹೋಗುತ್ತದೆ: ಪ್ರೋಲಿನ್, ಗ್ಲೈಸಿನ್, ಗ್ಲುಟಮಿನ್, ಗ್ಲೈಸಿನ್, ಗ್ಲುಟಮಿನ್, ಗ್ಲುಟಮಿನ್. ನಡುನಡುವೆ ಟೈರೊಸಿನ್ ಬೆರೆತ ಒಂಬತ್ತು ಅಕ್ಷರದ ಇನ್ನೊಂದು ವಾಕ್ಯ. ಈ ಪುನರಾವರ್ತನೆಯಿಂದ ಎಳೆ ಮತ್ತೆ ಮತ್ತೆ ತಿರುವು ತೆಗೆದುಕೊಂಡು ಸಡಿಲವಾದ ಸುರುಳಿಯಾಗುತ್ತದೆ ಎಂಬುದು ಬ್ರಿಟನ್ನಿನ ಆರ್ಥರ್ ಟ್ಯಾಥಮ್, ಪೀಟರ್ ಶ್ಯೂರಿ ಮೊದಲಾದವರು ಮುಂದಿಟ್ಟ ಮಾದರಿ. ತುದಿಗಳಲ್ಲಿ ಗಂಧಕ ಹೊತ್ತ ಸಿಸ್ಟೀನ್‌ಗಳಿವೆ. ಒಂದು ಎಳೆಯ ಸಿಸ್ಟೀನ್ ಇನ್ನೊಂದು ಎಳೆಯ ಸಿಸ್ಟೀನಿನೊಡನೆ ಡೈಸಲ್ಫೈಡ್ ಕೊಂಡಿ ಹಾಕಿಕೊಳ್ಳುತ್ತದೆ. ಹೀಗೆ ಎಳೆಗೆ ಎಳೆ ಸೇರಿ ಬೆಳೆಯುವ ಗ್ಲುಟೆನಿನ್ ಜಾಲ ಪ್ರಕೃತಿಯಲ್ಲಿ ಕಾಣುವ ಅತಿ ದೊಡ್ಡ ಪ್ರೋಟೀನು ಅಣುಗಳಲ್ಲಿ ಒಂದು. ಐದನೇ ಸಂಖ್ಯೆಯ ಪ್ರೋಟೀನಿನಲ್ಲಿ ನಡುಭಾಗ ಶುರುವಾಗುವಲ್ಲಿ ಒಂದು ಸಿಸ್ಟೀನ್ ಹೆಚ್ಚಿಗೆ ಇದೆ. ಎರಡನೆಯದರಲ್ಲಿ ಆ ಜಾಗದಲ್ಲಿ ಸೆರಿನ್ ಇದೆ. ಆ ಒಂದು ಹೆಚ್ಚಿನ ಕೊಂಡಿಯೇ ಜಾಲವನ್ನು ಬಲಪಡಿಸುತ್ತದೆ ಎಂಬುದು ಬಹುಮಂದಿ ಒಪ್ಪಿರುವ ವಿವರಣೆ. ಗ್ಲಯಾಡಿನ್‌ಗಳಲ್ಲಿ ಸಿಸ್ಟೀನ್‌ಗಳು ತಮ್ಮ ಎಳೆಯೊಳಗೇ ಕೊಂಡಿ ಹಾಕಿಕೊಳ್ಳುತ್ತವೆ, ಕೆಲವಕ್ಕೆ ಸಿಸ್ಟೀನೇ ಇರುವುದಿಲ್ಲ. ಆದ್ದರಿಂದ ಅವು ಜಾಲ ಕಟ್ಟದೆ ಅದರ ನಡುವೆ ಸರಿದಾಡುತ್ತವೆ. ಕಣಕ ಲಟ್ಟಣಿಗೆಯ ಕೆಳಗೆ ಹರಡಿಕೊಳ್ಳುವುದು ಗ್ಲಯಾಡಿನ್‌ನಿಂದ, ಹಿಂದಕ್ಕೆ ಎಳೆದುಕೊಳ್ಳುವುದು ಗ್ಲುಟೆನಿನ್‌ನಿಂದ.

ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆ ಬೆಳೆಯುವ ಜವೆ ಗೋಧಿಯಲ್ಲಿ ಎ ಮತ್ತು ಬಿ ಮಾತ್ರ ಇವೆ, ಡಿ ಸಂಕುಲ ಇಲ್ಲ. ಹಾಗಾಗಿ ನಾನು ಹೇಳಿದ ಆ ಬಲವಾದ ಜೋಡಿ ಅದರಲ್ಲಿ ಇರುವ ಸಾಧ್ಯತೆಯೇ ಇಲ್ಲ. ಬ್ರೆಡ್ಡಿಗೆ ಅದು ಒಗ್ಗದು. ಹುಗ್ಗಿಗೆ, ಮಾದಲಿಗೆ ಅದರಷ್ಟು ಚೆನ್ನಾದ ಗೋಧಿ ಇನ್ನೊಂದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ ಸಾಲಿನ ತಳಿಗಳನ್ನು ಹೊರತಂದು ಈ ಪುರಾತನ ಬೆಳೆಯನ್ನು ಹೊಲದಲ್ಲಿ ಉಳಿಸಿತು, ಅದಕ್ಕೆ ನಾವು ಋಣಿಗಳು. ಆದರೆ ಜವೆ ಗೋಧಿಯಲ್ಲಿ ಗ್ಲುಟನ್ ಇಲ್ಲ ಎಂಬ ಪ್ರಚಾರ ಅಲ್ಲಲ್ಲಿ ನಡೆದಿದೆ. ಅದು ತಪ್ಪು, ಅಪಾಯಕಾರಿ ಕೂಡ. ಜವೆ ಗೋಧಿಯಲ್ಲಿ ಗ್ಲಯಾಡಿನ್ ಇದೆ, ಗ್ಲುಟೆನಿನ್ ಇದೆ. ಸೀಲಿಯಾಕ್ ಕಾಯಿಲೆ ಇರುವವರು ಅದನ್ನು ತಿನ್ನಬಾರದು. ಈ ಕಾಯಿಲೆಗೂ ಗೋಧಿಗೂ ಇರುವ ನಂಟನ್ನು 1940ರ ದಶಕದಲ್ಲಿ ತೋರಿಸಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಪ್ರೋಲಿನ್ ತುಂಬಿದ ಎಳೆಯನ್ನು ನಮ್ಮ ಕಿಣ್ವಗಳು ಪೂರ್ತಿ ಕತ್ತರಿಸಲಾರವು ಎಂದೆನಲ್ಲ, ಹಾಗೆ ಉಳಿದುಹೋಗುವ 33 ಅಮೈನೊ ಆಮ್ಲಗಳ ಒಂದು ತುಣುಕನ್ನು ಆಲ್ಫಾ ಗ್ಲಯಾಡಿನ್‌ನಲ್ಲಿ 2002ರಲ್ಲಿ ಗುರುತಿಸಿದರು. ನಿರ್ದಿಷ್ಟ ಆನುವಂಶಿಕ ಗುಣವುಳ್ಳವರಲ್ಲಿ ಇಂಥ ತುಣುಕು ಕರುಳಿನ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತದೆ.

ಈಗ ಮೆಕ್ಕೆಜೋಳ. ತಳಿ ವಿಜ್ಞಾನದ ಇತಿಹಾಸದಲ್ಲಿ ನನಗೆ ಅತ್ಯಂತ ಪಾಠ ಕಲಿಸಿದ ಅಧ್ಯಾಯ ಇದು. 1914ರಲ್ಲಿಯೇ ಓಸ್ಬರ್ನ್ ಮತ್ತು ಲಫಾಯೆಟ್ ಮೆಂಡೆಲ್, ಜೀಯಿನ್ ಒಂದನ್ನೇ ಪ್ರೋಟೀನಾಗಿ ತಿಂದ ಇಲಿಗಳು ಬೆಳೆಯುವುದಿಲ್ಲ, ಟ್ರಿಪ್ಟೊಫಾನ್ ಮತ್ತು ಲೈಸಿನ್ ಸೇರಿಸಿದರೆ ಬೆಳೆಯುತ್ತವೆ ಎಂದು ತೋರಿಸಿದ್ದರು. ಐವತ್ತು ವರ್ಷಗಳ ನಂತರ, 1964ರಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದ ಎಡ್ವಿನ್ ಮರ್ಟ್ಸ್, ಲಿನ್ ಬೇಟ್ಸ್, ಆಲಿವರ್ ನೆಲ್ಸನ್ ಒಂದು ವಿಶೇಷ ಮೆಕ್ಕೆಜೋಳದ ಸುದ್ದಿ ಕೊಟ್ಟರು. ಅದರ ಕಾಳು ಬೆಳಕಿಗೆ ಹಿಡಿದರೆ ಹೊಳೆಯದೆ ಸುಣ್ಣದಂತೆ ಮಂಕಾಗಿ ಕಾಣುತ್ತಿತ್ತು. ಓಪೇಕ್-2 ಎಂಬ ಆ ಉತ್ಪರಿವರ್ತಿತ ಕಾಳಿನ ಹಿಟ್ಟಿನ ಭಾಗದಲ್ಲಿ ಲೈಸಿನ್ ಮಾಮೂಲಿಗಿಂತ ಶೇಕಡಾ 69ರಷ್ಟು ಹೆಚ್ಚು. ಜಗತ್ತಿನ ಬಡವರ ಪ್ರೋಟೀನು ಕೊರತೆ ಇನ್ನು ನೀಗಿತು ಎಂಬ ಉತ್ಸಾಹ ಎಲ್ಲೆಡೆ ಹಬ್ಬಿತು. ನಮ್ಮ ದೇಶದಲ್ಲೂ ಶಕ್ತಿ, ರತನ್, ಪ್ರೋಟೀನಾ ಎಂಬ ತಳಿಗಳು 1970ರ ದಶಕದ ಆರಂಭದಲ್ಲಿ ಬಂದವು.

ರೈತರು ಅವನ್ನು ಒಪ್ಪಲಿಲ್ಲ. ಕಾಳು ಮೆದು, ತೂಕ ಕಡಿಮೆ, ಹುಳು ಬೇಗ ಹಿಡಿಯುತ್ತಿತ್ತು, ತೇವಕ್ಕೆ ಕೊಳೆಯುತ್ತಿತ್ತು. ರೈತರ ತಿಳುವಳಿಕೆಯ ಕೊರತೆ ಇದಕ್ಕೆ ಕಾರಣವೆಂದು ಕೆಲವರು ಬರೆದರು. ಅದನ್ನು ನಾನು ಎಳ್ಳಷ್ಟೂ ಒಪ್ಪುವುದಿಲ್ಲ. ರೈತರ ತೀರ್ಮಾನ ಸರಿಯಾಗಿತ್ತು, ಕಾರಣ ಕಾಳಿನ ರಚನೆಯಲ್ಲೇ ಇತ್ತು. ಓಪೇಕ್-2 ಜೀನು ದಾಸ್ತಾನಿನ ಪ್ರೋಟೀನನ್ನು ನೇರವಾಗಿ ಬರೆಯುವ ಜೀನಲ್ಲ. 1987ರಲ್ಲಿ ಅದನ್ನು ಪ್ರತ್ಯೇಕಿಸಿದಾಗ ಗೊತ್ತಾದದ್ದು, ಅದು ಇತರ ಜೀನುಗಳಿಗೆ ಚಾಲನೆ ಕೊಡುವ ಒಂದು ನಿಯಂತ್ರಕ ಎಂದು. ಜೀಯಿನ್ ಜೀನುಗಳ ಮುಂಭಾಗದಲ್ಲಿ ಕೂತು ಅವನ್ನು ಕಾಳು ತುಂಬುವ ಹೊತ್ತಿಗೆ ಜಾಗೃತಗೊಳಿಸುವುದು ಅದರ ಕೆಲಸ. ಆಲ್ಫಾ ಜೀಯಿನ್‌ಗೆ ಒಂದೆರಡಲ್ಲ, ಹತ್ತಾರು ಜೀನುಗಳಿವೆ, ಒಂದೇ ಜೀನು ನಕಲಾಗುತ್ತಾ ಬೆಳೆದ ಕುಟುಂಬ ಅದು. ನಿಯಂತ್ರಕ ಕೆಟ್ಟಾಗ ಈ ಕುಟುಂಬದ ಬಹುಭಾಗ ಮೌನವಾಗುತ್ತದೆ. ಲೈಸಿನ್ ಇಲ್ಲದ ಜೀಯಿನ್ ಇಳಿಯುತ್ತದೆ, ಲೈಸಿನ್ ಇರುವ ಉಳಿದ ಪ್ರೋಟೀನುಗಳ ಪಾಲು ಏರುತ್ತದೆ. ಆದರೆ ಕಾಳಿಗೆ ಗಟ್ಟಿತನ ಕೊಡುತ್ತಿದ್ದದ್ದು ಪಿಷ್ಟದ ಕಣಗಳ ನಡುವೆ ಒತ್ತೊತ್ತಾಗಿ ಕೂತ, ಅದೇ ಜೀಯಿನ್ ತುಂಬಿದ ಸಣ್ಣ ಗುಳಿಗೆಗಳು. ಅವು ಚಿಕ್ಕವಾದಾಗ ಕಾಳು ಪುಡಿಪುಡಿಯಾಯಿತು.

ಮೆಕ್ಸಿಕೊದ ಸಿಮಿಟ್ ಸಂಸ್ಥೆಯಲ್ಲಿ ಭಾರತದವರಾದ ಸುರಿಂದರ್ ವಾಸಲ್ ಮತ್ತು ಮೆಕ್ಸಿಕೊದ ರಸಾಯನತಜ್ಞೆ ಎವಾಂಜೆಲಿನಾ ವಿಯೇಗಾಸ್ ಈ ಕೆಲಸವನ್ನು ಕೈಬಿಡಲಿಲ್ಲ. ಓಪೇಕ್-2 ಇದ್ದೂ ಕಾಳು ಸ್ವಲ್ಪ ಗಟ್ಟಿಯಾಗಿ ಕಾಣುವ ತೆನೆಗಳನ್ನು ವರ್ಷವರ್ಷವೂ ಆರಿಸುತ್ತಾ, ಪ್ರತಿಯೊಂದರ ಲೈಸಿನನ್ನೂ ಅಳೆಯುತ್ತಾ ಹೋದರು. ಉಳಿದವರು ಆಸೆ ಬಿಟ್ಟ ಕಾಲದಲ್ಲೂ ಅವರು ಮುಂದುವರಿಸಿದರು. ಕೊನೆಗೆ ಗಟ್ಟಿ ಕಾಳಿನ, ಉತ್ತಮ ಪ್ರೋಟೀನಿನ ಮೆಕ್ಕೆಜೋಳ ಸಿದ್ಧವಾಯಿತು. 2000ದ ವಿಶ್ವ ಆಹಾರ ಪ್ರಶಸ್ತಿ ಇಬ್ಬರಿಗೂ ಸೇರಿ ಬಂತು. ಅವರು ಕಣ್ಣಳತೆಯಿಂದ ಆರಿಸಿದ ಗುಣದ ಹಿಂದೆ ಏನಿದೆ ಎಂಬುದು ಆಮೇಲೆ ತಿಳಿಯಿತು. ಗಾಮಾ ಜೀಯಿನ್ ಎಂಬ, ಗಂಧಕ ಹೆಚ್ಚಿರುವ ಪ್ರೋಟೀನಿನ ಜೀನು ಆ ತಳಿಗಳಲ್ಲಿ ಇಮ್ಮಡಿಯಾಗಿತ್ತು. ಆಲ್ಫಾ ಜೀಯಿನ್ ಕಡಿಮೆಯಾದ ಕಾಳನ್ನು ಗಾಮಾ ಜೀಯಿನಿನ ಡೈಸಲ್ಫೈಡ್ ಕೊಂಡಿಗಳು ಹಿಡಿದು ನಿಲ್ಲಿಸಿದ್ದವು.

ಇದೇ ಗಂಧಕದ ಕೊಂಡಿ ನಮ್ಮ ಜೋಳದಲ್ಲಿ ಬೇರೊಂದು ಕಥೆಯಾಗುತ್ತದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ರೊಟ್ಟಿಗೆ ಎಸರು ಕಾಯಿಸಿ, ಕುದಿನೀರಿನಲ್ಲಿ ಹಿಟ್ಟು ಕಲಸುತ್ತಾರೆ. ಗೋಧಿಗೆ ತಣ್ಣೀರು ಸಾಕು, ಜೋಳಕ್ಕೆ ಸಾಲದು. ಕಾಫಿರಿನ್ ನೀರನ್ನು ಒಲ್ಲದ ಪ್ರೋಟೀನು. ಅದು ಗುಳಿಗೆಯೊಳಗೆ ಮುದುಡಿಕೊಂಡಿರುತ್ತದೆ, ಜಾಲ ಕಟ್ಟಲು ಹೊರಗೆ ಬರುವುದಿಲ್ಲ. ಕುದಿನೀರು ಪಿಷ್ಟವನ್ನು ಅರೆಬೇಯಿಸಿ ಅಂಟು ಮಾಡುತ್ತದೆ. ರೊಟ್ಟಿಗೆ ಜಿಗಿ ಬರುವುದು ಆ ಪಿಷ್ಟದಿಂದ. ಪ್ರೋಟೀನು ನೆರವಾಗದ ಕಡೆ ಪಿಷ್ಟದಿಂದ ಕೆಲಸ ತೆಗೆದ ಈ ಜಾಣ್ಮೆ ಪ್ರಯೋಗಶಾಲೆಯಿಂದ ಬಂದದ್ದಲ್ಲ.

ಕಾಫಿರಿನ್ ಗುಳಿಗೆ ಸುಮಾರು ಒಂದು ಮೈಕ್ರಾನಿನ ಗಾತ್ರದ್ದು. ಒಳಗೆ ತುಂಬಿರುವುದು ಆಲ್ಫಾ ಕಾಫಿರಿನ್. ಸುತ್ತಲೂ ಗಾಮಾ ಮತ್ತು ಬೀಟಾ ಕಾಫಿರಿನ್‌ಗಳು ಕೊಬ್ಬರಿಯ ಸುತ್ತಲಿನ ಕರಟದಂತೆ ನಿಂತಿರುತ್ತವೆ. ಇವೆರಡರಲ್ಲೂ ಸಿಸ್ಟೀನ್ ಹೆಚ್ಚು. ಬೇಯಿಸಿದಾಗ ಈ ಕರಟದ ಡೈಸಲ್ಫೈಡ್ ಕೊಂಡಿಗಳು ಇನ್ನಷ್ಟು ಬಿಗಿಯುತ್ತವೆ, ಜಠರದ ಪೆಪ್ಸಿನ್ ಒಳಗಿನ ಆಲ್ಫಾ ಕಾಫಿರಿನನ್ನು ತಲುಪುವುದು ಕಷ್ಟವಾಗುತ್ತದೆ. ಬೇಯಿಸಿದರೆ ಆಹಾರ ಸುಲಭವಾಗಿ ಜೀರ್ಣವಾಗುತ್ತದೆ ಎಂಬುದು ಸಾಮಾನ್ಯ ನಿಯಮ. ಜೋಳದ ಪ್ರೋಟೀನಿಗೆ ಅದು ಅನ್ವಯಿಸುವುದಿಲ್ಲ. 1981ರಲ್ಲಿ ಪ್ರಕಟವಾದ, ಪೆರುವಿನ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಜೋಳದ ಗಂಜಿಯ ಪ್ರೋಟೀನಿನಲ್ಲಿ ಜೀರ್ಣವಾದದ್ದು ಶೇಕಡಾ 46 ಮಾತ್ರ. ಜತೆಗೆ ಲೈಸಿನ್ ಕೊರತೆ. 100 ಗ್ರಾಂ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಸುಮಾರು 2 ಗ್ರಾಂ. ವಯಸ್ಕರ ಆಹಾರ ಪ್ರೋಟೀನಿನಲ್ಲಿ ಅದು 4.5 ಗ್ರಾಂ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಳತೆ. ರೊಟ್ಟಿಯ ಜತೆ ಕಾಳು ಪಲ್ಯ, ಬೇಳೆ ಉಣ್ಣುವ ಪದ್ಧತಿ ಲೈಸಿನನ್ನು ತುಂಬಿಕೊಡುತ್ತದೆ. ಅಂಬಲಿಯಂತೆ ಹುಳಿ ಬರಿಸಿದಾಗ, ಮೊಳಕೆ ಕಟ್ಟಿ ಒಣಗಿಸಿ ಬೀಸಿದಾಗ ಪ್ರೋಟೀನು ಜೀರ್ಣವಾಗುವುದು ಸುಲಭವಾಗುತ್ತದೆ; ಮೊಳಕೆಯಂತೂ ತನ್ನ ದಾಸ್ತಾನನ್ನು ತಾನೇ ಒಡೆಯಲು ಶುರುಮಾಡಿರುತ್ತದೆ.

ಜೀನಿನ ಮಟ್ಟದಲ್ಲಿ ದಾರಿ ಇದೆಯೆ? ಇದೆ. ಪರ್ಡ್ಯೂನಲ್ಲಿ ರಾಸಾಯನಿಕ ಉಪಚಾರದಿಂದ ಹುಟ್ಟಿದ ಪಿ721ಕ್ಯೂ ಎಂಬ ಜೋಳದ ಪ್ರೋಟೀನು ಬೇಯಿಸಿದರೂ ಚೆನ್ನಾಗಿ ಜೀರ್ಣವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದರ ಗುಳಿಗೆಗಳು ದುಂಡಗಿಲ್ಲ, ಮಡಿಕೆ ಮಡಿಕೆಯಾಗಿವೆ. ಗಾಮಾ ಕಾಫಿರಿನ್ ಮಡಿಕೆಗಳ ತಳದಲ್ಲಿ ಅವಿತಿದೆ, ಆಲ್ಫಾ ಕಾಫಿರಿನ್ ಹೊರಗೆ ತೆರೆದುಕೊಂಡಿದೆ. ಕಾರಣ 2013ರಲ್ಲಿ ಸಿಕ್ಕಿತು. ಹೊಸದಾಗಿ ಹುಟ್ಟಿದ ಪ್ರತಿ ಕಾಫಿರಿನ್ ಎಳೆಯ ತಲೆಯಲ್ಲಿ, ಅದನ್ನು ಗುಳಿಗೆಯಾಗುವ ಜಾಗಕ್ಕೆ ಒಯ್ಯುವ ಒಂದು ಸಂಕೇತ ತುಣುಕು ಇರುತ್ತದೆ. ತಲುಪಿದ ಮೇಲೆ ಅದು ಕತ್ತರಿಸಿಹೋಗಬೇಕು. ಪಿ721ಕ್ಯೂನಲ್ಲಿ ಆ ತುಣುಕಿನ ಕೊನೆಯ ಅಮೈನೊ ಆಮ್ಲ ಅಲನಿನ್ ಹೋಗಿ ಥ್ರಿಯೊನಿನ್ ಆಗಿದೆ. ತುಣುಕು ಕತ್ತರಿಸಿಹೋಗದೆ ಎಳೆ ಪೊರೆಗೇ ಅಂಟಿಕೊಳ್ಳುತ್ತದೆ, ಗುಳಿಗೆ ವಕ್ರವಾಗುತ್ತದೆ. ಮೆಕ್ಕೆಜೋಳದ ಫ್ಲೌರಿ-2 ಎಂಬ ಉತ್ಪರಿವರ್ತನೆಯಲ್ಲೂ ಹೆಚ್ಚುಕಡಿಮೆ ಇದೇ ಜಾಗ ಕೆಟ್ಟಿದೆ. 2018ರಲ್ಲಿ ಅಮೆರಿಕದ ವಿಜ್ಞಾನಿಗಳು ಆಲ್ಫಾ ಕಾಫಿರಿನ್ ಜೀನುಗಳನ್ನೇ ಕ್ರಿಸ್ಪರ್ ವಿಧಾನದಿಂದ ತಿದ್ದಿ ಜೀರ್ಣವಾಗುವ ಪ್ರಮಾಣವನ್ನೂ ಲೈಸಿನನ್ನೂ ಏರಿಸಿದರು. ಕಾಳಿನ ಗಟ್ಟಿತನದ ಪ್ರಶ್ನೆ ಇಲ್ಲೂ ಎದುರಾಗುತ್ತದೆ. ಮೆಕ್ಕೆಜೋಳದ ಪಾಠ ಮರೆತು ಮೆದು ಕಾಳಿನ ಜೋಳವನ್ನು ರೈತರ ಮುಂದಿಟ್ಟರೆ ಅವರು ಮತ್ತೆ ತಿರಸ್ಕರಿಸುತ್ತಾರೆ, ತಿರಸ್ಕರಿಸಲೂ ಬೇಕು.

ಅಕ್ಕಿಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುವೆ. ಅಕ್ಕಿಯ ಮುಖ್ಯ ದಾಸ್ತಾನು ಗ್ಲುಟೆಲಿನ್, ಅದು ದ್ವಿದಳ ಧಾನ್ಯಗಳ ಗ್ಲೋಬುಲಿನ್‌ಗೆ ನೆಂಟ. ಅಕ್ಕಿಯಲ್ಲಿ ಪ್ರೋಟೀನು ಕಡಿಮೆಯಾದರೂ ಅದರ ಲೈಸಿನ್ ಗೋಧಿ, ಜೋಳಕ್ಕಿಂತ ಮೇಲಾಗಿರುವುದು ಈ ನೆಂಟಸ್ತನದಿಂದ. ಗ್ಲುಟೆಲಿನ್ ಒಂದು ಬಗೆಯ ಗುಳಿಗೆಯಲ್ಲೂ ಪ್ರೋಲಮಿನ್ ಇನ್ನೊಂದರಲ್ಲೂ ಕೂರುತ್ತವೆ. ಮೊದಲನೆಯದು ಸುಲಭವಾಗಿ ಜೀರ್ಣವಾಗುತ್ತದೆ, ಎರಡನೆಯದು ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಜಪಾನಿನಲ್ಲಿ ಎಲ್‌ಜಿಸಿ-1 ಎಂಬ ಅಕ್ಕಿ ತಳಿ ಇದೆ. ಅದರಲ್ಲಿ ಎರಡು ಗ್ಲುಟೆಲಿನ್ ಜೀನುಗಳ ನಡುವಿನ ಭಾಗ ಕಳೆದುಹೋಗಿ, ಅವು ಬಾಲಕ್ಕೆ ಬಾಲ ತಾಗಿ ನಿಂತಿವೆ. ಅಲ್ಲಿಂದ ಹುಟ್ಟುವ ಆರ್‌ಎನ್‌ಎ ಇಡೀ ಗ್ಲುಟೆಲಿನ್ ಕುಟುಂಬದ ಸದ್ದಡಗಿಸುತ್ತದೆ. ಗ್ಲುಟೆಲಿನ್ ಇಳಿದು ಪ್ರೋಲಮಿನ್ ಏರುತ್ತದೆ, ಒಟ್ಟು ಪ್ರೋಟೀನು ಹೆಚ್ಚು ಬದಲಾಗುವುದಿಲ್ಲ. ಆದರೂ ಮೈಗೆ ಹತ್ತುವ ಪ್ರೋಟೀನು ಕಡಿಮೆಯಾದ್ದರಿಂದ ಮೂತ್ರಪಿಂಡದ ರೋಗಿಗಳಿಗೆ ಆ ಅಕ್ಕಿಯನ್ನು ಕೊಡುತ್ತಾರೆ. ಪೊಟ್ಟಣದ ಮೇಲೆ ಅಚ್ಚಾಗುವ ಪ್ರೋಟೀನಿನ ಸಂಖ್ಯೆಯೊಂದನ್ನೇ ನಂಬಬಾರದು ಎನ್ನಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ತಿಳಿದಿಲ್ಲ.

ಗೋಧಿಗೆ, ಮೆಕ್ಕೆಜೋಳಕ್ಕೆ ಸಂದಷ್ಟು ಗಮನ ಜೋಳಕ್ಕೆ ಸಂದಿಲ್ಲ, ರಾಗಿಗೆ ಅದಕ್ಕಿಂತಲೂ ಕಡಿಮೆ. ಮೆಥಿಯೊನಿನ್ ಹೇರಳವಾಗಿರುವ ರಾಗಿಯ ಪ್ರೋಲಮಿನ್ ನಮ್ಮ ವಿದ್ಯಾರ್ಥಿಗಳ ಕೈಗಾಗಿ ಕಾದಿದೆ. ಈ ಸಭೆಯಲ್ಲಿ ತಳಿ ಅಭಿವೃದ್ಧಿಯ ಹೊಣೆ ಹೊತ್ತವರು ಇದ್ದೀರಿ. ನಿಮ್ಮಲ್ಲಿ ನನ್ನ ವಿನಂತಿ ಒಂದೇ. ಜೋಳದ ಹೊಸ ತಳಿಯನ್ನು ಬಿಡುಗಡೆ ಮಾಡುವಾಗ ಎಕರೆಗೆ ಎಷ್ಟು ಕ್ವಿಂಟಲ್, ಎಷ್ಟು ದಿನದ ಬೆಳೆ, ಕಾಳಿನಲ್ಲಿ ಶೇಕಡಾ ಎಷ್ಟು ಪ್ರೋಟೀನು ಎಂದು ಬರೆಯುತ್ತೀರಿ. ಅದೇ ಸಾಲಿನಲ್ಲಿ, ರೊಟ್ಟಿಯಾಗಿ ಬೆಂದ ಮೇಲೆ ಆ ಪ್ರೋಟೀನಿನಲ್ಲಿ ಎಷ್ಟು ಪಾಲು ಜೀರ್ಣವಾಗುತ್ತದೆ ಎಂಬುದನ್ನೂ ಅಳೆದು ಬರೆಯಿರಿ. ಪೆಪ್ಸಿನ್ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ, ನಮ್ಮ ಪ್ರತಿಯೊಂದು ಕೃಷಿ ವಿಶ್ವವಿದ್ಯಾಲಯದಲ್ಲೂ ಅದನ್ನು ಮಾಡಬಹುದು.